ದುಬೈ ಬ್ಯಾಗಿಗೆ ಗಸಗಸೆ ಬೇಡ

ಪ್ರಶ್ನೆ: ಮಗಳಿಗೆ ದುಬೈಯಲ್ಲಿ ಹೆರಿಗೆಯಾಗಿದೆ. ಬಾಣಂತನಕ್ಕೆ ನಾನೂ ನಮ್ಮ ಯಜಮಾನರೂ ಹೊರಟಿದ್ದೇವೆ, ವಿಮಾನ ಹತ್ತುವುದು ಇದೇ ಮೊದಲು. ಕೊಬ್ಬರಿ, ಅಂಟು, ಗಸಗಸೆ ಹಾಕಿ ಉಂಡೆ ಕಟ್ಟಿಟ್ಟಿದ್ದೇನೆ. ವೀಳ್ಯದೆಲೆಯೂ ಒಂದು ಕಟ್ಟು ತಗೊಂಡು ಹೋಗಬಹುದಾ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಆ ಉಂಡೆ ಡಬ್ಬಿಯನ್ನು ಬ್ಯಾಗಿನಿಂದ ಈಚೆ ತೆಗೆಯಿರಿ. ಕೊಬ್ಬರಿ, ಅಂಟಿನದು ತಕರಾರಿಲ್ಲ, ಗಸಗಸೆಯದೇ ಗಲಾಟೆ. ನಮಗದು ಪಾಯಸದ ಸಾಮಾನು, ಅಲ್ಲಿನ ಕಾನೂನಿಗೆ ಮಾದಕ ವಸ್ತು, ಯಾಕೆಂದರೆ ಅಫೀಮು ಬರುವುದೂ ಅದೇ ಗಿಡದ ಕಾಯಿಯಿಂದ. ‘ಒಂದೇ ಚಮಚ ಸ್ವಾಮಿ, ಬಾಣಂತಿಗೆ’ ಅಂತ ಕಸ್ಟಮ್ಸ್‌ನವರ ಮುಂದೆ ಹೇಳಿದರೆ ಕೇಳುವವರಿಲ್ಲ, ಜೈಲಿನ ಮಾತೂ ಬರಬಹುದು. ಗಸಗಸೆ ಹಾಕಿದ ಕುರ್ಮಾ ಮಸಾಲೆ ಪುಡಿಗೂ ಇದೇ ಮಾತು. ಇನ್ನು ಪಕ್ಕದ ಮನೆಯವರು ‘ನಮ್ಮ ಹುಡುಗನಿಗೂ ಇದೊಂದು ಕೊಟ್ಟುಬಿಡಿ’ ಅಂತ ಪೊಟ್ಟಣ ತಂದರೆ ಬಿಚ್ಚಿ ನೋಡದೆ ಇಟ್ಟುಕೊಳ್ಳಬೇಡಿ. ದಾಕ್ಷಿಣ್ಯಕ್ಕೆ ಬಸಿರಾದರೆ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆಯಲ್ಲ!

ವೀಳ್ಯದೆಲೆಯೂ ಅವರ ನಿಷೇಧದ ಪಟ್ಟಿಯಲ್ಲಿದೆ. ಬಿಡಿ.

ಔಷಧಿ ಡಬ್ಬಿಯನ್ನೂ ಒಮ್ಮೆ ನೋಡಿ. ಕೆಮ್ಮಿನ ಸಿರಪ್‌ನಲ್ಲಿ ಕೊಡೀನ್, ನೋವಿನ ಮಾತ್ರೆಯಲ್ಲಿ ಟ್ರಮಡಾಲ್ ಇದ್ದರೆ ಅಲ್ಲಿನ ಸರ್ಕಾರದಿಂದ ಆನ್‌ಲೈನ್‌ನಲ್ಲಿ ಮೊದಲೇ ಅನುಮತಿ ಪಡೆಯಬೇಕು. ಬಿಪಿ, ಶುಗರ್ ಮಾತ್ರೆಗಳನ್ನು ಸುಮ್ನೆ ಪ್ಲಾಸ್ಟಿಕ್ ಕವರಿಗೆ ಸುರಿದುಕೊಳ್ಳದೆ ಅಂಗಡಿಯ ಸ್ಟ್ರಿಪ್‌ನಲ್ಲೇ ಇಟ್ಟು, ಡಾಕ್ಟರ ಚೀಟಿ ಜೊತೆಗಿಡಿ.

ಪ್ರಶ್ನೆ: ಅಲ್ಲಿ ಓಡಾಡುವಾಗ ಏನು ಜೋಪಾನ?

ಉತ್ತರ: ಇದು ಯಜಮಾನರಿಗೆ. ಮೆಟ್ರೋದಲ್ಲಿ ಹೆಂಗಸರ ಡಬ್ಬಿ ಬೇರೆ, ಗುಲಾಬಿ ಗುರುತು ಇರುತ್ತದೆ. ನಿಮ್ಮ ಹಿಂದೆಯೇ ಅವರೂ ಹತ್ತಿಬಿಟ್ಟರೆ 100 ದಿರಹಂ ದಂಡ. ರೈಲಿನಲ್ಲಿ ಏನಾದರೂ ತಿಂದರೂ ಅಷ್ಟೇ, ಚ್ಯೂಯಿಂಗ್ ಗಮ್ ಸಹ. ಗೊತ್ತಿಲ್ಲದವರ ಫೋಟೋವನ್ನು ಕೇಳದೆ ತೆಗೆಯುವುದು ಅಲ್ಲಿ ಅಪರಾಧ, ಸಿಟ್ಟಿನಲ್ಲಿ ಯಾರಿಗಾದರೂ ವಾಟ್ಸಾಪ್‌ನಲ್ಲಿ ಬೈದು ಕಳಿಸಿದರೂ ಕೇಸಾಗುತ್ತದೆ.

ಅಂದ ಹಾಗೆ ವಾಟ್ಸಾಪ್ ಕರೆ ಅಲ್ಲಿ ಹೋಗುವುದಿಲ್ಲ, ಮೆಸೇಜು ಹೋಗುತ್ತದೆ. ಊರಿನವರು ‘ಮುಟ್ಟಿದ್ರಾ ಇಲ್ವಾ’ ಅಂತ ಗಾಬರಿಯಾಗದಂತೆ ಕರೆ ಮಾಡಲು ಬೋಟಿಮ್ ಆ್ಯಪ್ ಈಗಲೇ ಹಾಕಿಸಿಕೊಳ್ಳಿ, ಮಗಳಿಗೆ ಅದರ ಬಗ್ಗೆ ಗೊತ್ತಿರುತ್ತದೆ. ಉಂಡೆ ಮಾತ್ರ ಇನ್ನೊಂದು ಸಲ ಕಟ್ಟಬೇಕು. ಬಾದಾಮಿ ಜಾಸ್ತಿ ಹಾಕಿ.