ಡಬ್ಬಿಯಲ್ಲೇ ಉಳಿದ ಹಲ್ಲುಸೆಟ್ಟು

(ಗುರುತು ಸಿಗದಂತೆ ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಗಿರಿಜಮ್ಮನವರಿಗೆ 66 ವರ್ಷ. ಧಾರವಾಡದ ಕಡೆಯವರು, ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ಹಿರಿಯರ ಜೊತೆ ಕೆಲಸ ಮಾಡುವ ನನ್ನ ಬಳಿ ಸೊಸೆ ಕರೆತಂದಿದ್ದರು. "ಅತ್ತೆ ನಮ್ಮ ಜೊತೆ ಕುಳಿತು ಉಣ್ಣುವುದಿಲ್ಲ, ಮಾತು ಬಿಟ್ಟಿದ್ದಾರೆ, ಮದುವೆ ಮುಂಜಿಗೂ ಬರುವುದಿಲ್ಲ. ಮನಸ್ಸಿಗೇನೋ ಆಗಿದೆ" ಎಂದರು. ಗಿರಿಜಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಕೂತಿದ್ದರು.

ಸೊಸೆ ಹೊರಗೆ ಹೋದ ಮೇಲೆ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಕರವಸ್ತ್ರದಲ್ಲಿ ಸುತ್ತಿದ ಹಲ್ಲುಸೆಟ್ಟು, ಒಣಗಿ ಬಿರುಸಾಗಿತ್ತು. ಮಧುಮೇಹ, ಒಸಡಿನ ರೋಗ ಎರಡೂ ಸೇರಿ ಹಲ್ಲುಗಳೆಲ್ಲ ಹೋಗಿದ್ದವು. ಸೆಟ್ಟು ಮಾಡಿಸಿ ನಾಲ್ಕು ತಿಂಗಳಾಗಿದ್ದರೂ ಹಾಕಿಕೊಂಡದ್ದು ಹನ್ನೊಂದೇ ದಿನ. ಕೆಳಗಿನದು ಒಸಡನ್ನು ಒತ್ತಿ ಹುಣ್ಣಾಯಿತು. ಮನೆಯಲ್ಲಿ ಹೇಳಿದರೆ ಎಲ್ಲರದೂ ಒಂದೇ ಉತ್ತರ: "ಅಭ್ಯಾಸವಾಗುತ್ತದೆ." ಕೊನೆಗೆ ಉಗುರಿನ ಅರದಿಂದ ತಾವೇ ಅಂಚು ಉಜ್ಜಿದ್ದರು. ಹುಣ್ಣು ಹೋಗಲಿಲ್ಲ, ಸೆಟ್ಟು ಇನ್ನಷ್ಟು ಸಡಿಲವಾಯಿತು.

ಆದರೆ ಡಬ್ಬಿ ಮುಚ್ಚಿದ್ದು ನೋವಿನಿಂದಲ್ಲ. ಮೊಮ್ಮಗನಿಗೆ ಪಾಠ ಓದಿ ಹೇಳುವಾಗ ‘ಸ’ ಬಂದಲ್ಲೆಲ್ಲ ಸೀಟಿಯಂತೆ ಗಾಳಿ ಹೊರಟಿತು. ಹುಡುಗ ನಕ್ಕ. "ತ ಥ ದ ಧ ನ ದಂತ್ಯಗಳು, ನಾಲಿಗೆ ಹಲ್ಲಿಗೆ ತಾಗಬೇಕು ಎಂದು ಎಷ್ಟು ಮಕ್ಕಳಿಗೆ ಕಲಿಸಿದೆನೋ. ಈಗ ನನ್ನ ನಾಲಿಗೆಗೇ ಹಲ್ಲು ಎಲ್ಲಿದೆ ಎಂದು ತಿಳಿಯುತ್ತಿಲ್ಲ" ಎಂದು ಅತ್ತರು. ನಾನು ಬಹಳ ಹೊತ್ತು ಸುಮ್ಮನಿದ್ದೆ. ಅಂಗ ಕಳೆದುಕೊಂಡ ದುಃಖವೇ ಅದು. ಹಲ್ಲು ಹೋದುದಕ್ಕೆ ಅಳುವುದೇ ಎಂದು ಯಾರೂ ಕೇಳಬಾರದು.

ನಾನು ದಂತವೈದ್ಯೆಯಲ್ಲ. ಹಿರಿಯರ ಜೊತೆ ಕೆಲಸ ಮಾಡುತ್ತ ದಂತವೈದ್ಯರಿಂದ ಕಲಿತದ್ದನ್ನು ಅವರ ಮುಂದಿಟ್ಟೆ. ಕಟ್ಟಿಸಿದ ಹಲ್ಲು ಮೊದಲಿನ ಹಲ್ಲಿನ ಹಾಗೆ ದವಡೆಗೆ ಬೇರು ಬಿಡುವುದಿಲ್ಲ; ಒಸಡಿನ ಮೇಲೆ ಕೂತಿರುತ್ತದೆ, ಅಷ್ಟೇ. ಮೇಲಿನದು ಅಂಗುಳನ್ನೆಲ್ಲ ಮುಚ್ಚುವುದರಿಂದ ಜೊಲ್ಲಿನ ತೆಳುಪದರದ ಬಲದಲ್ಲಿ ಅಂಟಿಕೊಳ್ಳುತ್ತದೆ. ಕೆಳಗಿನದಕ್ಕೆ ಆ ಆಸರೆಯಿಲ್ಲ, ಜೊತೆಗೆ ನಾಲಿಗೆ ಅದನ್ನು ತಳ್ಳುತ್ತಲೇ ಇರುತ್ತದೆ. ಕೆಳಗಿನದೇ ಕಾಡುವುದು ಗಿರಿಜಮ್ಮನವರೊಬ್ಬರ ಪಾಡಲ್ಲ.

‘ಅಭ್ಯಾಸವಾಗುತ್ತದೆ’ ಎಂಬ ಮಾತನ್ನು ಒಡೆದು ನೋಡಬೇಕಿತ್ತು. ಬಾಯಿ ತುಂಬಿದಂತಾಗುವುದು, ಜೊಲ್ಲು ಹೆಚ್ಚುವುದು, ಮಾತು ತೊದಲುವುದು ಕೆಲವು ವಾರಗಳಲ್ಲಿ ಸರಿಹೋಗುತ್ತವೆ. ಹುಣ್ಣು ಹಾಗಲ್ಲ. ಅದನ್ನು ಸಹಿಸುವುದು ತಾಳ್ಮೆಯೂ ಅಲ್ಲ. ಎಲ್ಲಿ ಒತ್ತುತ್ತದೆ ಎಂದು ನೋಡಿ ಅಲ್ಲಿ ಮಾತ್ರ ಉಜ್ಜಿ ಕೊಡುವುದು ದಂತವೈದ್ಯರ ಕೆಲಸ. ಅದಕ್ಕೆ ಎರಡು ಮೂರು ಸಲ ಹೋಗಬೇಕಾಗುವುದು ಸಹಜ. ಸೆಟ್ಟು ಕೈಗೆ ಬಂದ ದಿನವೇ ಕೆಲಸ ಮುಗಿಯಿತು ಎಂದು ಇವರ ಮನೆಯವರೆಲ್ಲ ತಿಳಿದಿದ್ದರು. ಸೆಟ್ಟು ತೆಗೆದಿಟ್ಟರೂ ಎರಡು ವಾರದಲ್ಲಿ ಮಾಯದ ಹುಣ್ಣನ್ನು ತಡಮಾಡದೆ ತೋರಿಸಬೇಕು ಎಂದೂ ಒತ್ತಿ ಹೇಳಿದೆ.

ವೈದ್ಯರ ಬಳಿ ಹೋಗುವ ಮುಂಚೆ, ತಡೆಯುವಷ್ಟಾದರೂ ಹೊತ್ತು ಸೆಟ್ಟು ಹಾಕಿಕೊಂಡಿರಲು ಹೇಳಿದೆ, ಒತ್ತಿದ ಗುರುತು ಅವರಿಗೆ ಕಾಣಬೇಕಲ್ಲ. ಮೊದಮೊದಲು ಊಟಕ್ಕೆ ಮೆತ್ತಗಿನದು, ಸಣ್ಣ ತುತ್ತು, ಎರಡೂ ಕಡೆ ಒಟ್ಟಿಗೆ ಅಗಿಯುವುದು. ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯಬಾರದು. ರಾತ್ರಿ ತೆಗೆದು ನೀರಿನಲ್ಲಿಡಬೇಕು: ಒಸಡಿಗೂ ವಿಶ್ರಾಂತಿ ಬೇಕು, ಸೆಟ್ಟೂ ಒಣಗಬಾರದು. ಕುದಿನೀರು ಬೇಡ, ಆಕಾರ ಕೆಡುತ್ತದೆ. ಟೂತ್‌ಪೇಸ್ಟ್ ಗೀರು ಬೀಳಿಸುತ್ತದೆ, ಆದ್ದರಿಂದ ಮೆತ್ತನೆಯ ಬ್ರಷ್ ಮತ್ತು ಸೋಪು. ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿ ಇರಲಿ, ಕೈಜಾರಿದರೆ ಒಡೆಯುವುದಿಲ್ಲ.

ಸೊಸೆಯೊಂದಿಗೆ ಬೇರೆಯಾಗಿ ಮಾತನಾಡಿದೆ. "ಇಷ್ಟು ದುಡ್ಡು ಸುರಿದೆವು" ಎಂಬ ಮಾತು ಮನೆಯಲ್ಲಿ ನಿಲ್ಲಬೇಕು ಎಂದೆ. ಆಕೆ ತಲೆ ತಗ್ಗಿಸಿದರು. ಕೆಟ್ಟ ಮನಸ್ಸಿನವರಲ್ಲ, ಗೊತ್ತಿರಲಿಲ್ಲ. ಗಿರಿಜಮ್ಮನವರಿಗೆ ಕೊಟ್ಟ ಅಭ್ಯಾಸ ಒಂದೇ: ದಿನಕ್ಕೆ ಹದಿನೈದು ನಿಮಿಷ ಬಾಗಿಲು ಹಾಕಿಕೊಂಡು ಪತ್ರಿಕೆಯನ್ನು ಗಟ್ಟಿಯಾಗಿ, ನಿಧಾನವಾಗಿ ಓದುವುದು.

ದಂತವೈದ್ಯರು ಪರೀಕ್ಷಿಸಿ, ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಸವೆದು ಅಳತೆ ಬದಲಾಗಿದೆ ಎಂದರಂತೆ. ಕೆಳಗಿನ ಸೆಟ್ಟಿನ ಒಳಮೈಗೆ ಹೊಸ ಪದರ ಕೂರಿಸಿ, ಅಂಚು ಸರಿಪಡಿಸಿ ಕೊಟ್ಟರು. ಮೂಳೆ ಸವೆಯುವುದು ನಿಲ್ಲುವುದಿಲ್ಲವಾದ್ದರಿಂದ ವರ್ಷಕ್ಕೊಮ್ಮೆ ತೋರಿಸಲು ಹೇಳಿದ್ದಾರೆ.

ಆರು ವಾರದ ಮೇಲೆ ಬಂದಾಗ ಸೆರಗು ಹೆಗಲ ಮೇಲಿತ್ತು. ಕಟಕ್ ರೊಟ್ಟಿ ಇನ್ನೂ ಆಗುವುದಿಲ್ಲವಂತೆ, ಮೆತ್ತನೆಯ ಬಿಸಿ ರೊಟ್ಟಿಯನ್ನು ಝುಣಕದ ಜೊತೆ ಎಲ್ಲರೊಂದಿಗೆ ಕುಳಿತು ತಿನ್ನುತ್ತಾರೆ. "ಒಂದು ತೋರಿಸಲೇ?" ಎಂದು ಕೇಳಿ, ಕುರ್ಚಿಯಲ್ಲಿ ನೆಟ್ಟಗೆ ಕೂತು, ಬೆರಳಿನಿಂದ ಗಾಳಿಯಲ್ಲಿ ಬರೆಯುತ್ತ ಹೇಳಿದರು: ಸ, ಸಾ, ಸಿ, ಸೀ. ‘ಸೀ’ ಹತ್ತಿರ ಸ್ವಲ್ಪ ಗಾಳಿ ಹೋಯಿತು. ನಿಂತು, ನಾಲಿಗೆ ಸರಿಮಾಡಿಕೊಂಡು, ಮತ್ತೆ ‘ಸ’ದಿಂದ ಶುರು ಮಾಡಿದರು.