ಸಹಿ ಒಂದು, ತಜ್ಞರ ವರದಿ ಎರಡು

ಪ್ರಶ್ನೆ: ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ನಮ್ಮ ತಂದೆ 2019ರಲ್ಲಿ ತೀರಿಕೊಂಡರು. ಅವರ ಸ್ವಯಾರ್ಜಿತ ತೆಂಗಿನ ತೋಟದಲ್ಲಿ ಪಾಲು ಕೇಳಿ ನಾನು 2021ರಲ್ಲಿ ದಾವೆ ಹೂಡಿದೆ. ತೋಟವೆಲ್ಲ ತನಗೇ ಎನ್ನುವ 2018ರ ಉಯಿಲೊಂದನ್ನು ಅಣ್ಣ ಹಾಜರುಪಡಿಸಿದ್ದಾನೆ. ಅದರ ಜೆರಾಕ್ಸ್ ಪ್ರತಿಯನ್ನೂ ತಂದೆ 1990ರ ಸುಮಾರಿಗೆ ಶಾಲಾ ದಾಖಲೆಗಳಲ್ಲಿ ಮಾಡಿದ್ದ ಸಹಿಗಳನ್ನೂ ಕೈಬರಹ ತಜ್ಞರೊಬ್ಬರಿಗೆ ತೋರಿಸಿದೆ. ಸಹಿ ತಂದೆಯದಲ್ಲ ಎಂದು ವರದಿ ಕೊಟ್ಟರು. ಅಣ್ಣನ ಕಡೆಯ ತಜ್ಞರು ತಂದೆಯದೇ ಎಂದಿದ್ದಾರೆ. ನನ್ನ ವರದಿಯನ್ನು ಒಪ್ಪದಿದ್ದರೆ ದಾವೆ ಬಿದ್ದುಹೋಗುತ್ತದೆಯೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಅಷ್ಟಕ್ಕೇ ಬಿದ್ದುಹೋಗುವುದಿಲ್ಲ. ಉಯಿಲು ನಿಜವೆಂದು ಸಾಬೀತುಪಡಿಸುವ ಹೊಣೆ ಅದನ್ನು ಹಾಜರುಪಡಿಸಿದ ನಿಮ್ಮ ಅಣ್ಣನದು. ಉಯಿಲಿಗೆ ಕನಿಷ್ಠ ಇಬ್ಬರ ಸಾಕ್ಷಿ ರುಜು ಇರಬೇಕು. ಅವರಲ್ಲಿ ಒಬ್ಬರಾದರೂ ಬದುಕಿದ್ದರೆ ಅವರನ್ನು ಕಟಕಟೆಗೆ ಕರೆತರಲೇಬೇಕು. ಮೈಸೂರು ಹೈಕೋರ್ಟಿನಿಂದ ಮೇಲ್ಮನವಿಯಾಗಿ ಹೋದ ವೆಂಕಟಾಚಲ ಅಯ್ಯಂಗಾರ್ ಮೊಕದ್ದಮೆಯಲ್ಲಿ, ಉಯಿಲಿನ ಸುತ್ತ ಅನುಮಾನಗಳಿದ್ದರೆ ಅವನ್ನು ನಿವಾರಿಸಬೇಕಾದವರೂ ಅದನ್ನು ಮುಂದಿಟ್ಟವರೇ ಎಂದು ಸುಪ್ರೀಂ ಕೋರ್ಟ್ 1958ರಲ್ಲೇ ಹೇಳಿದೆ. ಉಯಿಲು ಬರೆಸುವುದಕ್ಕೆ ಅಣ್ಣನೇ ಓಡಾಡಿದ್ದನೇ, ಆಗ ತಂದೆಯ ಆರೋಗ್ಯ ಹೇಗಿತ್ತು, ನಿಮ್ಮನ್ನು ಕೈಬಿಟ್ಟಿದ್ದಕ್ಕೆ ಅದರಲ್ಲಿ ಕಾರಣ ಬರೆದಿದೆಯೇ ಎಂಬುದೆಲ್ಲ ಪಾಟೀಸವಾಲಿನಲ್ಲಿ ಹೊರಬರಬೇಕು.

ಇನ್ನು ತಜ್ಞರ ವಿಷಯ. ಸಾಕ್ಷಿ ಕಂಡದ್ದನ್ನು, ಕೇಳಿದ್ದನ್ನು ಹೇಳಬೇಕೇ ಹೊರತು ತನ್ನ ಅಭಿಪ್ರಾಯವನ್ನಲ್ಲ ಎನ್ನುವುದು ಸಾಮಾನ್ಯ ನಿಯಮ. ತಜ್ಞರಿಗೆ 1872ರ ಸಾಕ್ಷ್ಯ ಕಾಯ್ದೆಯ 45ನೇ ಕಲಮು ವಿನಾಯಿತಿ ಕೊಟ್ಟಿದೆ. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 39ನೇ ಕಲಮು. ಆದರೆ ತಜ್ಞರು ಅಭಿಪ್ರಾಯ ಕೊಡುತ್ತಾರೆ, ತೀರ್ಮಾನ ಕೊಡುವವರು ನ್ಯಾಯಾಧೀಶರು. ಕೈಬರಹ ತಜ್ಞರ ಮಾತಿಗೆ ಬೇರೆ ಸಾಕ್ಷ್ಯದ ಬೆಂಬಲ ಇರಲೇಬೇಕೆಂಬ ಕಟ್ಟಳೆ ಇಲ್ಲ, ಆದರೂ ಎಚ್ಚರಿಕೆಯಿಂದ ಅವರ ಕಾರಣಗಳನ್ನು ಒರೆಗೆ ಹಚ್ಚಿ ನೋಡಬೇಕು ಎಂದು ಸುಪ್ರೀಂ ಕೋರ್ಟಿನ 1979ರ ಮುರಾರಿ ಲಾಲ್ ತೀರ್ಪು ಹೇಳುತ್ತದೆ. ಎರಡು ವರದಿಗಳು ಎದುರುಬದುರಾದಾಗ ತೂಗುವುದು ಈ ಕಾರಣಗಳನ್ನೇ.

ನಿಮ್ಮ ವರದಿಯ ಬಗ್ಗೆ ನನಗೆ ಆತಂಕವಿರುವುದೂ ಅಲ್ಲೇ. 1990ರಲ್ಲಿ ಗಟ್ಟಿಮುಟ್ಟಾಗಿದ್ದ ಮೇಷ್ಟರ ಸಹಿಯನ್ನು 2018ರ ಮುದುಕರ ಸಹಿಯೊಂದಿಗೆ ಹೋಲಿಸಿದರೆ ವ್ಯತ್ಯಾಸ ಕಾಣದೆ ಇರುತ್ತದೆಯೇ? ಅಕ್ಷರ ಒಡೆದದ್ದು, ಗೆರೆ ನಡುಗಿದ್ದು ನಕಲಿ ಕೈಯಿಂದಲೋ ವಯಸ್ಸಿನಿಂದಲೋ ಎಂದು ಎದುರು ಪಕ್ಷದ ವಕೀಲರು ಕೇಳಿಯೇ ಕೇಳುತ್ತಾರೆ. ಜೆರಾಕ್ಸ್ ಪ್ರತಿಯಲ್ಲಂತೂ ಪೆನ್ನಿನ ಒತ್ತಡ, ಗೆರೆ ತಡೆದು ನಿಂತ ಜಾಗ ಸರಿಯಾಗಿ ಸಿಗುವುದಿಲ್ಲ. ಇಂಥ ವರದಿಗೆ ಹಣ ಸುರಿದು, ಅದೇ ಗೆಲ್ಲಿಸುತ್ತದೆಂದು ಕಾಯುವವರನ್ನು ಕಂಡಾಗ ಸಂಕಟವಾಗುತ್ತದೆ.

ತಂದೆಯ ಕಡೆಯ ವರ್ಷಗಳ ಸಹಿಗಳನ್ನು ಹುಡುಕಿ. ಪಿಂಚಣಿಗಾಗಿ ವರ್ಷವರ್ಷ ಕೊಡುತ್ತಿದ್ದ ಜೀವಿತ ಪ್ರಮಾಣಪತ್ರ, ಬ್ಯಾಂಕಿನಿಂದ ಹಣ ಪಡೆದ ಚೀಟಿ, ಸಹಕಾರ ಸಂಘದ ಸಾಲದ ಕಾಗದ ಇವೆಲ್ಲ ಆಗುತ್ತವೆ. ಆಮೇಲೆ ದಿವಾಣಿ ಪ್ರಕ್ರಿಯಾ ಸಂಹಿತೆಯ 26ನೇ ಆದೇಶ, 10ಎ ನಿಯಮದಡಿ ಅರ್ಜಿ ಹಾಕಿ, ಮೂಲ ಉಯಿಲನ್ನೇ ನ್ಯಾಯಾಲಯದ ಮೂಲಕ ಪರೀಕ್ಷೆಗೆ ಕಳಿಸುವಂತೆ ಕೇಳಿ. ಅರ್ಜಿಯನ್ನು ಒಪ್ಪುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು, ತಡಮಾಡಿದಷ್ಟೂ ಕಷ್ಟ.

ಇನ್ನೊಂದು ದಾರಿಯನ್ನು ಜನ ಮರೆಯುತ್ತಾರೆ. ಒಬ್ಬರ ಬರಹದ ಪರಿಚಯವಿರುವ ಯಾರೇ ಆದರೂ ಅದರ ಬಗ್ಗೆ ಅಭಿಪ್ರಾಯ ಹೇಳಬಹುದು. ಹಳೆಯ ಕಾಯ್ದೆಯ 47ನೇ ಕಲಮು ಇದಕ್ಕಾಗಿಯೇ ಇದೆ. ತಂದೆಯ ಸಹಿಯನ್ನು ಕೊನೆಯವರೆಗೂ ನೋಡುತ್ತಿದ್ದ ಸಹಕಾರ ಸಂಘದ ಕಾರ್ಯದರ್ಶಿ ಯಾವ ಪ್ರಯೋಗಾಲಯವನ್ನೂ ಹೊಕ್ಕವರಲ್ಲ, ಆದರೂ ಅವರ ಮಾತಿಗೆ ಕಾನೂನಿನಲ್ಲಿ ಸ್ಥಾನವಿದೆ. ಅವರ ಹೆಸರನ್ನು ಸಾಕ್ಷಿ ಪಟ್ಟಿಯಲ್ಲಿ ಸೇರಿಸಿ. ಬ್ಯಾಂಕಿನ ದಾಖಲೆಗಳನ್ನು ತರಿಸಲು ಸಮನ್ಸ್ ಅರ್ಜಿಯನ್ನು ಈ ವಾರವೇ ಹಾಕಿಸಿ, ಏಕೆಂದರೆ ಹಳೆಯ ಚೀಟಿಗಳನ್ನು ಬ್ಯಾಂಕುಗಳು ಎಂದೆಂದಿಗೂ ಇಟ್ಟುಕೊಳ್ಳುವುದಿಲ್ಲ.