ದೂರದ ಕೆಲವು ದುರಂತಗಳಿಗೆ ಮಾತ್ರ ನಮ್ಮ ಮನಸ್ಸು ಕರಗುವುದೇಕೆ?

ಮುಖ್ಯ ಕಾರಣ, ಮುಖ ಕಂಡಾಗ ಕರುಳು ಚುರುಕ್ ಎನ್ನುತ್ತದೆ. ಸತ್ತವರ ಲೆಕ್ಕ ಓದಿದಾಗ ಹಾಗಾಗುವುದಿಲ್ಲ. ಸಿರಿಯಾದ ಯುದ್ಧ 2011ರಿಂದ ನಡೆದೇ ಇತ್ತು. ಲೋಕ ಬೆಚ್ಚಿದ್ದು 2015ರ ಸೆಪ್ಟೆಂಬರಿನಲ್ಲಿ, ಟರ್ಕಿಯ ಕಡಲದಂಡೆಯಲ್ಲಿ ಕವುಚಿ ಬಿದ್ದಿದ್ದ ಕೆಂಪಂಗಿಯ ಪುಟ್ಟ ಮಗು, ಆ ಯುದ್ಧದಿಂದ ಓಡಿಬಂದ ಕುಟುಂಬದ ಅಲನ್ ಕುರ್ದಿಯ ಚಿತ್ರ ಕಂಡಾಗ.

ದುರಂತದ ವೇಗವೂ ಒಂದು ಕಾರಣ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ, ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ನಮ್ಮ ಮನೆಯಲ್ಲಿ ಅಮ್ಮ ಗಂಜಿಯ ಸೌಟು ಹಿಡಿದೇ ಟಿವಿ ಮುಂದೆ ನಿಂತುಬಿಟ್ಟಿದ್ದರು. ಒಂದೇ ರಾತ್ರಿ, ನೂರಾರು ಜೀವ. ಆದರೆ ಇಲ್ಲೇ ಎಣ್ಮಕಜೆ ಸುತ್ತಲಿನ ಗೇರು ತೋಟಗಳ ಮೇಲೆ 2000ದವರೆಗೆ, ಸುಮಾರು ಎರಡು ದಶಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಮಕ್ಕಳು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು. ಇಲ್ಲಿನ ಪತ್ರಕರ್ತ ಶ್ರೀ ಪಡ್ರೆಯವರು ಬಹಳ ಮೊದಲೇ ಬರೆದಿದ್ದರೂ ಹೊರಗಿನವರ ಕಿವಿಗೆ ಬೀಳಲು ವರ್ಷಗಳೇ ಹಿಡಿದವು.

ಗಡಿಯವರಿಗೆ ಇನ್ನೊಂದು ಸಂಕಟ: ತಿರುವನಂತಪುರಕ್ಕೆ ನಾವು ರಾಜ್ಯದ ಕೊನೆ, ಬೆಂಗಳೂರಿಗೆ ಪರರಾಜ್ಯ. ‘ನಮ್ಮವರು’ ಎನಿಸಿದಲ್ಲಿಗೇ ಕ್ಯಾಮೆರಾ ಮೊದಲು ಹೋಗುತ್ತದೆ, ಮರುಕ ಅದರ ಹಿಂದಿನಿಂದ ಬರುತ್ತದೆ. ನನ್ನನ್ನು ತುಂಬ ನೋಯಿಸುವುದು ಇದೇ. ಎಂಡೋಸಲ್ಫಾನಿಗೆ ತುತ್ತಾದ ಮಕ್ಕಳ ತಾಯಂದಿರು ಇಂದಿಗೂ ಬೆಳೆದ ಮಗನನ್ನು ಎತ್ತಿಕೊಂಡೇ ಮೀಯಿಸುತ್ತಾರೆ.